ಹೈಬ್ರಿಡ್ ಕಾರಿನ ಮೈಲೇಜು ಮತ್ತು ಚಕ್ರದ ಅಳತೆ

ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡೂ ಇರುವ ಹೈಬ್ರಿಡ್ ಕಾರಾದ 2023ರ ಮಾದರಿಯ ಟೊಯೋಟಾ ಪ್ರಿಯಸ್‌ಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೀಡಿರುವ ಮೈಲೇಜಿನ ಅಂಕಿಗಳಲ್ಲಿ ಒಂದು ವಿಚಿತ್ರವಿದೆ. ಮುಂಚಕ್ರ ಚಾಲನೆಯ ಆವೃತ್ತಿಗಳ ಪೈಕಿ, ಕಡಿಮೆ ಬೆಲೆಯ 17 ಇಂಚಿನ ಚಕ್ರದ ಕಾರು ಗ್ಯಾಲನ್ನಿಗೆ 57 ಮೈಲಿ ಓಡಿದರೆ, ಹೆಚ್ಚು ಬೆಲೆಯ 19 ಇಂಚಿನ ಚಕ್ರದ ಕಾರು 52 ಮೈಲಿಗೇ ನಿಲ್ಲುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಲೀಟರಿಗೆ ಸುಮಾರು 24.2 ಮತ್ತು 22.1 ಕಿಲೋಮೀಟರು. ಎರಡರಲ್ಲೂ ಇರುವುದು ಅದೇ 2 ಲೀಟರಿನ ಎಂಜಿನ್, ಅದೇ ಮೋಟಾರು. ಅದೇ ವರ್ಷದ ಹೋಂಡಾ ಅಕಾರ್ಡ್ ಹೈಬ್ರಿಡ್‌ನಲ್ಲಿಯೂ 17 ಇಂಚಿನ ಆವೃತ್ತಿಗೆ 48 ಮೈಲಿ, 19 ಇಂಚಿನದಕ್ಕೆ 44. ದುಬಾರಿ ಆವೃತ್ತಿಗಳಲ್ಲಿ ಹೆಚ್ಚಿನ ಸಲಕರಣೆಗಳೂ ಅವುಗಳ ತೂಕವೂ ಸೇರಿರುವುದರಿಂದ ಇಡೀ ವ್ಯತ್ಯಾಸವನ್ನು ಚಕ್ರದ ತಲೆಗೇ ಕಟ್ಟುವುದು ಸರಿಯಲ್ಲ. ಆದರೆ ಅದರಲ್ಲಿ ಚಕ್ರದ ಪಾಲು ದೊಡ್ಡದು.

ಈ ಪಾಲು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಬೇಕು. ಪ್ರಿಯಸ್‌ನ 17 ಇಂಚಿನ ಚಕ್ರದ ಟೈರು 195/60 ಆರ್ 17. ಮೊದಲನೆಯದು ಟೈರಿನ ಅಗಲ, 195 ಮಿ.ಮೀ. ಎರಡನೆಯದು ಆ ಅಗಲದ ಶೇಕಡಾ 60ರಷ್ಟು, ಅಂದರೆ 117 ಮಿ.ಮೀ. ಎತ್ತರದ ಪಕ್ಕೆ. ಕೊನೆಯದು ರಿಮ್ಮಿನ ವ್ಯಾಸ, 17 ಇಂಚು. ರಿಮ್ಮಿನ ವ್ಯಾಸಕ್ಕೆ ಮೇಲೊಂದು ಕೆಳಗೊಂದು ಪಕ್ಕೆಯನ್ನು ಕೂಡಿಸಿದರೆ ಟೈರಿನ ಹೊರವ್ಯಾಸ ಸುಮಾರು 666 ಮಿ.ಮೀ. ಆಗುತ್ತದೆ. 19 ಇಂಚಿನ ಚಕ್ರಕ್ಕೆ ಹಾಕುವ 195/50 ಆರ್ 19 ಟೈರಿಗೂ ಇದೇ ಲೆಕ್ಕ ಹಾಕಿದರೆ ಸಿಗುವುದು 678 ಮಿ.ಮೀ. ರಿಮ್ಮು ಎರಡು ಇಂಚು, ಅಂದರೆ 51 ಮಿ.ಮೀ. ದೊಡ್ಡದಾದರೂ ಹೊರವ್ಯಾಸ ಬೆಳೆದದ್ದು 12 ಮಿ.ಮೀ. ಮಾತ್ರ. ಜಾಹೀರಾತಿನಲ್ಲಿ ‘ದೊಡ್ಡ ಚಕ್ರ’ ಎಂದು ಕರೆಸಿಕೊಳ್ಳುವುದರಲ್ಲಿ ನಿಜವಾಗಿ ಹೆಚ್ಚಿರುವುದು ಲೋಹ, ಕಡಿಮೆಯಾಗಿರುವುದು ರಬ್ಬರು ಮತ್ತು ಅದರೊಳಗಿನ ಗಾಳಿ.

ಕಾರು ಚಲಿಸುವಾಗ ಟೈರಿನ ಕೆಳಭಾಗ ರಸ್ತೆಗೆ ಒತ್ತಿ ಅಂಗೈಯಷ್ಟು ಅಗಲಕ್ಕೆ ಚಪ್ಪಟೆಯಾಗುತ್ತದೆ. ಆ ಭಾಗ ಮೇಲೇರಿದೊಡನೆ ಮತ್ತೆ ಗುಂಡಗಾಗುತ್ತದೆ, ಮುಂದಿನ ಸುತ್ತಿನಲ್ಲಿ ಪುನಃ ಚಪ್ಪಟೆಯಾಗುತ್ತದೆ. ತಂತಿಯೊಂದನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ಅದು ಬಿಸಿಯಾಗುವಂತೆ, ಹೀಗೆ ಬಾಗಿ ನೇರವಾಗುವ ರಬ್ಬರೂ ತಾನು ಹೀರಿಕೊಂಡ ಶಕ್ತಿಯನ್ನೆಲ್ಲ ಹಿಂದಿರುಗಿಸದೆ ಒಂದಂಶವನ್ನು ಶಾಖವಾಗಿ ಕಳೆಯುತ್ತದೆ. ಉರುಳುವ ಟೈರು ಚಲನೆಗೆ ಒಡ್ಡುವ ತಡೆಯ, ಅಂದರೆ ಉರುಳು ಘರ್ಷಣೆಯ, ಬಹುಪಾಲು ಇದೇ. ಒಂದೂವರೆ ಟನ್ ತೂಕದ ಕಾರಿಗೆ, ಈ ಘರ್ಷಣೆಯ ಗುಣಾಂಕ (ತೂಕದ ಎಷ್ಟು ಭಾಗ ತಡೆಯಾಗುತ್ತದೆ ಎಂಬ ಅಂಕಿ) 0.008 ಎಂದು ಹಿಡಿದರೆ, ಚಲನೆಯನ್ನು ತಡೆಯುವ ಬಲ ಸುಮಾರು 118 ನ್ಯೂಟನ್. ನೂರು ಕಿಲೋಮೀಟರ್ ದೂರ ಈ ಬಲವನ್ನು ಎದುರಿಸಲು ಸುಮಾರು 12 ಮೆಗಾಜೌಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವುದು ಸುಮಾರು 32 ಮೆಗಾಜೌಲ್. ಒಳ್ಳೆಯ ಹೈಬ್ರಿಡ್ ಎಂಜಿನ್ ಕೂಡ ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನಷ್ಟೇ ಚಕ್ರಕ್ಕೆ ಮುಟ್ಟಿಸಬಲ್ಲದು. ಹೀಗಾಗಿ ನೂರು ಕಿಲೋಮೀಟರಿಗೆ ನಾಲ್ಕು ಲೀಟರ್ ಕುಡಿಯುವ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ಟೈರನ್ನು ಬಿಸಿ ಮಾಡುವುದಕ್ಕೇ ವ್ಯಯವಾಗುತ್ತದೆ.

ಹೈಬ್ರಿಡ್ ಕಾರಿನಲ್ಲಿ ಇದಕ್ಕೆ ವಿಶೇಷ ಮಹತ್ವ ಬರಲು ಕಾರಣ ಸರಳವಾಗಿದೆ. ಬ್ರೇಕ್ ಒತ್ತಿದಾಗ ವ್ಯರ್ಥವಾಗಬೇಕಿದ್ದ ಚಲನಶಕ್ತಿಯನ್ನು ಮೋಟಾರು ವಿದ್ಯುತ್ತಾಗಿ ಮಾರ್ಪಡಿಸಿ ಬ್ಯಾಟರಿಗೆ ತುಂಬುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ತಾನೇ ಆರುತ್ತದೆ. ಆದರೆ ಟೈರಿನಲ್ಲಿ ಶಾಖವಾಗಿ ಹೋದದ್ದನ್ನು ಯಾವ ಮೋಟಾರೂ ಮರಳಿ ತರಲಾರದು. ಉಳಿತಾಯ ಸಾಧ್ಯವಿದ್ದ ಕಡೆಯಲ್ಲೆಲ್ಲ ಉಳಿಸಿದ ಮೇಲೆ, ಉಳಿಸಲಾಗದ ಈ ನಷ್ಟ ಒಟ್ಟು ಖರ್ಚಿನಲ್ಲಿ ಎದ್ದು ಕಾಣುತ್ತದೆ.

ದೊಡ್ಡ ಚಕ್ರ ಭಾರ, ಅದನ್ನು ತಿರುಗಿಸಲು ಹೆಚ್ಚು ಶಕ್ತಿ ಬೇಕು, ಮೈಲೇಜು ಇಳಿಯುವುದು ಅದರಿಂದಲೇ ಎಂಬ ವಿವರಣೆ ಎಲ್ಲೆಡೆ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಚಕ್ರದ ಅಂಚಿನಲ್ಲಿರುವ ದ್ರವ್ಯರಾಶಿ ಕಾರಿನೊಂದಿಗೆ ಮುಂದೆ ಸಾಗುವುದರ ಜೊತೆಗೆ ಸುತ್ತಲೂ ಬೇಕಾದ್ದರಿಂದ, ವೇಗ ಹೆಚ್ಚಿಸುವಾಗ ಅದು ತನ್ನ ತೂಕದ ಎರಡರಷ್ಟಿದ್ದಂತೆ ವರ್ತಿಸುತ್ತದೆ. ಒಂದೊಂದು ಚಕ್ರಕ್ಕೆ ಮೂರು ಕಿಲೋ ಹೆಚ್ಚಾಯಿತು ಎಂದುಕೊಂಡರೂ, ನಾಲ್ಕು ಚಕ್ರ ಸೇರಿ ಅದು ಹೆಚ್ಚೆಂದರೆ 24 ಕಿಲೋ ಸಾಮಾನು ಹೇರಿದ್ದಕ್ಕೆ ಸಮ. ಒಂದೂವರೆ ಟನ್ನಿನ ಕಾರಿನಲ್ಲಿ ಅದು ಶೇಕಡಾ ಎರಡನ್ನೂ ಮುಟ್ಟುವುದಿಲ್ಲ. ಹೈಬ್ರಿಡ್‌ನಲ್ಲಂತೂ ಆ ಶಕ್ತಿಯ ಒಂದು ಭಾಗ ಬ್ರೇಕ್ ಹಾಕುವಾಗ ಹಿಂದಿರುಗುತ್ತದೆ. ಆದ್ದರಿಂದ ತಕ್ಕಡಿಗಿಂತ ಮುಖ್ಯವಾದದ್ದು ರಬ್ಬರಿನ ಗುಣ, ಟೈರಿನ ಅಗಲ ಮತ್ತು ಚಕ್ರದ ಸುತ್ತ ಗಾಳಿ ಹರಿಯುವ ರೀತಿ.

ಗಾಳಿಯ ಮಾತು ಹೆದ್ದಾರಿಯಲ್ಲಿ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ತೆರೆದ ಕಡ್ಡಿಗಳ ಅಲಾಯ್ ಚಕ್ರ ಗಾಳಿಯನ್ನು ಕಡೆಯುತ್ತದೆ. ಸಮತಟ್ಟಾದ ಮುಚ್ಚಳವಿರುವ ಚಕ್ರ ಅದನ್ನು ಸಲೀಸಾಗಿ ಜಾರಲು ಬಿಡುತ್ತದೆ. ಅಗ್ಗದ ಆವೃತ್ತಿಯ ಗುರುತೆಂದು ಹಲವರು ಕಿತ್ತೆಸೆಯುವ ಪ್ಲಾಸ್ಟಿಕ್ ಮುಚ್ಚಳಕ್ಕೆ ಹೀಗೊಂದು ಘನವಾದ ಕೆಲಸವಿದೆ.

ಹಾಗೆಂದು ದೊಡ್ಡ ವ್ಯಾಸವೇ ತಪ್ಪಲ್ಲ. ಅಗಲ ಹೆಚ್ಚಿಸದೆ ಹೊರವ್ಯಾಸವನ್ನಷ್ಟೇ ಹೆಚ್ಚಿಸಿದರೆ ಟೈರು ಕಡಿಮೆ ಬಾಗುತ್ತದೆ, ಉರುಳು ಘರ್ಷಣೆ ಇಳಿಯುತ್ತದೆ. ಬಿಎಂಡಬ್ಲ್ಯು ಸಂಸ್ಥೆ ತನ್ನ ಐ3 ಕಾರಿಗೆ 155/70 ಆರ್ 19 ಎಂಬ ಸಪೂರವಾದ, ಎತ್ತರದ ಟೈರನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ. ಪ್ರಿಯಸ್‌ನ 19 ಇಂಚಿನ ಟೈರನ್ನೂ 195 ಮಿ.ಮೀ. ಅಗಲಕ್ಕೇ ಇಟ್ಟಿರುವುದು ಗಮನಾರ್ಹ. ರಿಮ್ಮಿನ ಜೊತೆಗೆ ಟೈರಿನ ಅಗಲವೂ ಬೆಳೆಯುವ ಕಾರುಗಳೇ ಹೆಚ್ಚು. ಹಾಗಾಗಿ ಎರಡು ಆವೃತ್ತಿಗಳನ್ನು ಹೋಲಿಸುವಾಗ ಇಂಚಿಗಿಂತ ಮೊದಲು ಅಗಲದ ಅಂಕಿಯನ್ನು ನೋಡುವುದು ಮೇಲು.

ಮೈಲೇಜಿನ ವ್ಯತ್ಯಾಸವನ್ನು ಲೀಟರಿನಲ್ಲಿ ಅಳೆದರೆ ನಿರ್ಧಾರ ಸುಲಭವಾಗುತ್ತದೆ. ಪ್ರಿಯಸ್‌ನ ಅಂಕಿಗಳ ಪ್ರಕಾರ ಹತ್ತು ಸಾವಿರ ಕಿಲೋಮೀಟರಿಗೆ ಆಗುವ ಹೆಚ್ಚಿನ ಖರ್ಚು ಸುಮಾರು 40 ಲೀಟರ್. ಕಡಿಮೆ ಓಡಾಡುವವರಿಗೆ ಇದು ದೊಡ್ಡ ಮೊತ್ತವಲ್ಲ. ಗಿಡ್ಡ ಪಕ್ಕೆಯ ಟೈರು ತಿರುವುಗಳಲ್ಲಿ ಸ್ಟಿಯರಿಂಗಿಗೆ ಚುರುಕಾಗಿ ಸ್ಪಂದಿಸುತ್ತದೆ ಎಂಬುದೂ ನಿಜ. ಆದರೆ ಅದೇ ಗಿಡ್ಡ ಪಕ್ಕೆ ಗುಂಡಿಗೆ ಬಿದ್ದಾಗ ಪೆಟ್ಟನ್ನು ನೇರವಾಗಿ ರಿಮ್ಮಿಗೆ ದಾಟಿಸುತ್ತದೆ. ಬ್ಯಾಟರಿಗೆ ಜಾಗ ಬಿಡಲೆಂದು ಅನೇಕ ಹೈಬ್ರಿಡ್‌ಗಳಲ್ಲಿ ಸ್ಟೆಪ್ನಿಯನ್ನೇ ಕೈಬಿಟ್ಟು, ಪಂಕ್ಚರ್ ಮುಚ್ಚುವ ದ್ರಾವಣದ ಡಬ್ಬಿಯನ್ನು ಕೊಟ್ಟಿರುತ್ತಾರೆ. ಮೊಳೆ ಚುಚ್ಚಿದ ಸಣ್ಣ ರಂಧ್ರವನ್ನು ಅದು ಮುಚ್ಚೀತು, ಹರಿದ ಪಕ್ಕೆಯನ್ನಲ್ಲ. ಇನ್ನು ಎಂಜಿನ್ ಆರಿ ಮೋಟಾರಿನಲ್ಲಷ್ಟೇ ಸಾಗುವ ನಿಶ್ಶಬ್ದದಲ್ಲಿ ಅಗಲವಾದ ಟೈರಿನ ಗುಂಯ್‌ಗುಡುವಿಕೆ ಎಂದಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ. ನನ್ನ ಮಟ್ಟಿಗೆ ಹೈಬ್ರಿಡ್ ಕೊಳ್ಳುವ ಉದ್ದೇಶಕ್ಕೆ ಚಿಕ್ಕ ರಿಮ್ಮಿನ ಆವೃತ್ತಿಯೇ ಹೆಚ್ಚು ಒಪ್ಪುತ್ತದೆ.

ದುಬಾರಿ ಆವೃತ್ತಿಯನ್ನು ಕೊಂಡು, ಆಮೇಲೆ ಚಿಕ್ಕ ರಿಮ್ಮು ಹಾಕಿಸಿಕೊಳ್ಳುವ ಯೋಚನೆಯಿದ್ದರೆ ಬ್ರೇಕಿನ ಕ್ಯಾಲಿಪರ್ (ಬ್ರೇಕಿನ ತಟ್ಟೆಯನ್ನು ಅದುಮಿ ಹಿಡಿಯುವ ಭಾಗ) ಅದರೊಳಗೆ ಹಿಡಿಸುತ್ತದೆಯೇ ಎಂದು ಮೊದಲು ನೋಡಬೇಕು. ಹೊರವ್ಯಾಸ ಮೂಲ ಅಳತೆಯ ಸಮೀಪದಲ್ಲೇ ಇರಬೇಕು, ಇಲ್ಲವಾದರೆ ಸ್ಪೀಡೋಮೀಟರ್ ತಪ್ಪು ವೇಗ ತೋರಿಸುತ್ತದೆ. ಬ್ಯಾಟರಿಯ ಭಾರವೂ ಟೈರಿನ ಮೇಲೆಯೇ ಬೀಳುವುದರಿಂದ ಟೈರಿನ ಭಾರ ಸೂಚ್ಯಂಕವನ್ನು ಮೂಲಕ್ಕಿಂತ ಇಳಿಸಬಾರದು. ಸೂಚ್ಯಂಕ 91 ಎಂದಿದ್ದರೆ ಆ ಟೈರು 615 ಕಿಲೋ ಹೊರಬಲ್ಲದು, 89 ಎಂದಿದ್ದರೆ 580 ಕಿಲೋ ಮಾತ್ರ.

ಟೈರು ಸವೆದು ಹೊಸದನ್ನು ಹಾಕಿಸಿದಾಗಲೂ ಮೈಲೇಜು ತಟ್ಟನೆ ಇಳಿಯುವುದುಂಟು. ಕಾರ್ಖಾನೆಯಿಂದ ಬಂದ ಟೈರು ಸಾಮಾನ್ಯವಾಗಿ ಉರುಳು ಘರ್ಷಣೆ ಕಡಿಮೆಯಿರುವಂತೆ ಸಿಲಿಕಾ ಬೆರೆಸಿ ಮಾಡಿದ್ದಾಗಿರುತ್ತದೆ. ಮೈಕೆಲಿನ್ ಇಂಥ ಟೈರನ್ನು 1992ರಲ್ಲೇ ಮಾರುಕಟ್ಟೆಗೆ ತಂದಿತ್ತು. ಬದಲಿಗೆ ಹಾಕಿಸಿದ್ದು ಅದೇ ಅಳತೆಯ ಸಾಧಾರಣ ಟೈರಾದರೆ ವ್ಯತ್ಯಾಸ ಶಾಶ್ವತ. ಆದರೆ ಅದೇ ಬಗೆಯ ಟೈರನ್ನೇ ಹಾಕಿಸಿದ್ದರೂ ಹೊಸದರಲ್ಲಿ ತುಸು ನಷ್ಟ ಕಾಣುತ್ತದೆ, ಏಕೆಂದರೆ ಸುಮಾರು 8 ಮಿ.ಮೀ. ಆಳದ ಹೊಸ ಗೀರುಗಳ ನಡುವಿನ ದಪ್ಪ ರಬ್ಬರು ಸವೆದ ರಬ್ಬರಿಗಿಂತ ಹೆಚ್ಚು ಬಾಗಿ ಹೆಚ್ಚು ಬಿಸಿಯಾಗುತ್ತದೆ. ಅದು ಕೆಲವು ಸಾವಿರ ಕಿಲೋಮೀಟರು ಓಡಿ ಸವೆಯುವ ತನಕ, ಹಳೆಯ ಟೈರಿನ ಕೊನೆಯ ದಿನಗಳ ಮೈಲೇಜಿನೊಂದಿಗೆ ಅದನ್ನು ಹೋಲಿಸುವುದು ನ್ಯಾಯವಲ್ಲ.