ಕೋಡಿಂಗ್ ಥಿಯರಿಗೆ ಬರುವ ಮುನ್ನ ಮಗ್ಗಿ ಬರೆಯಿರಿ

ಎಂ.ಎಸ್ಸಿ. ಫಲಿತಾಂಶ ಬಂದ ವಾರದಲ್ಲೇ ದಾವಣಗೆರೆಯ ನಮ್ಮ ಮನೆಗೆ ಮೂರು ನಾಲ್ಕು ಹುಡುಗರು ಬರುತ್ತಾರೆ. ‘ಸರ್, ಕೋಡಿಂಗ್ ಥಿಯರಿಯಲ್ಲಿ ಪಿಎಚ್.ಡಿ. ಮಾಡಬೇಕು. ಉಪನ್ಯಾಸಕ ಹುದ್ದೆ ಸಿಗದಿದ್ದರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಸಿಗುತ್ತದಲ್ಲ?’ ಎಷ್ಟು ಸಲ ಹೇಳಲಿ! ಇದು ಪ್ರೋಗ್ರಾಮ್ ಬರೆಯುವ ಕೋಡಿಂಗ್ ಅಲ್ಲ, ಗುಟ್ಟು ಕಾಯುವ ವಿದ್ಯೆಯೂ ಅಲ್ಲ. ಕಳುಹಿಸಿದ ಅಂಕಿ ದಾರಿಯಲ್ಲಿ ಕೆಟ್ಟರೆ ಅದನ್ನು ಗುರುತಿಸಿ ತಿದ್ದುವ ಬೀಜಗಣಿತ.

ಕಳೆದ ವರ್ಷ ಜಗಳೂರು ಕಡೆಯ ಹುಡುಗನೊಬ್ಬ ತಂದೆಯ ಜೊತೆ ಬಂದಿದ್ದ. ಬೀಜಗಣಿತದಲ್ಲಿ ತೊಂಬತ್ತರ ಮೇಲೆ ಅಂಕ. ಫೀಲ್ಡ್ ಎಂದರೆ ಕೂಡಿದರೂ ಕಳೆದರೂ ಗುಣಿಸಿದರೂ, ಸೊನ್ನೆಯಲ್ಲದ್ದರಿಂದ ಭಾಗಿಸಿದರೂ ಉತ್ತರ ಒಳಗೇ ಉಳಿಯುವ ಗಣ. ಅದರ ವ್ಯಾಖ್ಯೆ ಕೇಳಿದೆ, ಅಕ್ಷರ ತಪ್ಪದೆ ಒಪ್ಪಿಸಿದ. ಕಾಗದ ಕೊಟ್ಟೆ: ‘ಎಂಟು ಅಂಶಗಳ ಫೀಲ್ಡ್. 1 + 1 ಸೊನ್ನೆ. ಆಲ್ಫಾ ಅದರ ಒಂದು ಅಂಶ, ಅದರ ಘನವೆಂದರೆ ಆಲ್ಫಾ + 1. ಐದನೆಯ ಘಾತ ಎಷ್ಟು?’ ಪೆನ್ನು ಅಲ್ಲಾಡಲಿಲ್ಲ.

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ಘನವನ್ನು ಆಲ್ಫಾದಿಂದ ಗುಣಿಸಿದರೆ ನಾಲ್ಕನೆಯ ಘಾತ: ಆಲ್ಫಾ ವರ್ಗ + ಆಲ್ಫಾ. ಇನ್ನೊಮ್ಮೆ ಗುಣಿಸಿ: ಆಲ್ಫಾ ಘನ + ಆಲ್ಫಾ ವರ್ಗ. ಘನದ ಜಾಗದಲ್ಲಿ ಆಲ್ಫಾ + 1 ಇಡಿ. ಐದನೆಯ ಘಾತ ಆಲ್ಫಾ ವರ್ಗ + ಆಲ್ಫಾ + 1. ಹೀಗೇ ಹೋದರೆ ಏಳನೆಯ ಘಾತ 1ಕ್ಕೇ ಮರಳುತ್ತದೆ. ಆ ಏಳು ಘಾತಗಳ ಸಹಗುಣಕಗಳನ್ನು ಕಂಬಸಾಲುಗಳಾಗಿ ನಿಲ್ಲಿಸಿ: ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ, ಏಳು ಬಿಟ್‌ಗಳಲ್ಲಿ (0 ಅಥವಾ 1) ಒಂದು ಕೆಟ್ಟರೆ ತಿದ್ದುವ ಸಂಕೇತದ (ಕೋಡ್) ತಪಾಸಣಾ ಕೋಷ್ಟಕ ನಿಮ್ಮ ಮುಂದಿರುತ್ತದೆ. ಪರೀಕ್ಷೆಗೆ ಬರುವುದಿಲ್ಲವೆಂದು ಈ ಲೆಕ್ಕವನ್ನೇ ಬಿಟ್ಟವರು ಸಂಶೋಧನಾ ಪ್ರಬಂಧ ಬರೆಯಲು ಹೊರಟರೆ ನನಗೆ ಸಿಟ್ಟು ಬರುತ್ತದೆ.

‘ಇದರಿಂದ ಏನು ಪ್ರಯೋಜನ, ಮೇಷ್ಟ್ರೇ?’ ಎಂದರು ತಂದೆ. ಅವರ ಜೇಬಿನಿಂದ ಆಧಾರ್ ಕಾರ್ಡ್ ತೆಗೆಸಿದೆ. ಹನ್ನೆರಡನೆಯ ಅಂಕಿ ಉಳಿದ ಹನ್ನೊಂದಕ್ಕೆ ಕಾವಲು. ಸಮಪಂಚಭುಜವನ್ನು ತಿರುಗಿಸಿ, ಮಗುಚಿ ಮತ್ತೆ ಅದೇ ಆಕಾರಕ್ಕೆ ತರುವ ಹತ್ತು ಬಗೆಗಳ, ಎಂದರೆ ಸಮ್ಮಿತಿಗಳ, ಗ್ರೂಪ್ ಬಳಸಿ ಅದನ್ನು ಲೆಕ್ಕ ಹಾಕುತ್ತಾರೆ. ಒಂದು ಅಂಕಿ ತಪ್ಪಿದರೂ, 45 ಬರೆಯುವಲ್ಲಿ 54 ಬರೆದರೂ ಸಿಕ್ಕಿಬೀಳುತ್ತದೆ. ಮಗ ಇದೇ ಗ್ರೂಪನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ.

ಸಂಖ್ಯಾಶಾಸ್ತ್ರಜ್ಞ ರಾಜಚಂದ್ರ ಬೋಸರೂ ಸಂಕೇತಗಳನ್ನು ಹುಡುಕಿಕೊಂಡು ಹೊರಟವರಲ್ಲ. ಕೋಲ್ಕತ್ತದಲ್ಲಿದ್ದಾಗ, ಬೆಳೆ ಪ್ರಯೋಗಗಳ ವಿನ್ಯಾಸಕ್ಕೆ ಒದಗುವ ಲ್ಯಾಟಿನ್ ಚೌಕಗಳನ್ನು (ಪ್ರತಿ ಅಡ್ಡಸಾಲು, ಕಂಬಸಾಲಿನಲ್ಲೂ ಒಂದೊಂದು ಚಿಹ್ನೆ ಒಮ್ಮೆಯೇ ಬರುವ ಚೌಕ) ಇಂಥ ಫೀಲ್ಡ್‌ಗಳಿಂದಲೇ 1938ರಲ್ಲಿ ಕಟ್ಟಿದ್ದರು. ರೇ-ಚೌಧುರಿ ಅವರೊಂದಿಗೆ 1960ರಲ್ಲಿ, ಒಂದಕ್ಕಿಂತ ಹೆಚ್ಚು ತಪ್ಪುಗಳನ್ನೂ ತಿದ್ದಬಲ್ಲ ಬಿಸಿಎಚ್ ಸಂಕೇತಗಳನ್ನು ಪ್ರಕಟಿಸಿದಾಗ ಅವರಿಗೆ ಐವತ್ತೆಂಟು ವರ್ಷ. ಮೆಕ್ಕೆಜೋಳ ಬೆಳೆಯುವ ಆ ತಂದೆಗೆ ಈ ಮಾತು ಹಿಡಿಸಿತು.

ಕಾಯಂ ಹುದ್ದೆಯ ಭರವಸೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಪಿಎಚ್.ಡಿ. ಮುಗಿಸಿ ಅತಿಥಿ ಉಪನ್ಯಾಸಕರಾಗಿಯೇ ವರ್ಷಗಟ್ಟಲೆ ಕಾಯುತ್ತಿರುವ ಜಾಣರನ್ನು ಬಲ್ಲೆ, ಅವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಅಥವಾ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ವಿದ್ಯಾರ್ಥಿವೇತನ ಇದ್ದರೆ ಮನೆಗೆ ಭಾರವಾಗದೆ ಓದಬಹುದು. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಅಧಿಸೂಚನೆಯನ್ನೇ ನೋಡಿ.

ಹುಡುಗ ದೀಪಾವಳಿಗೆ ಮತ್ತೆ ಬಂದ. ನೋಟ್‌ಬುಕ್ಕಿನಲ್ಲಿ ಹದಿನಾರು ಅಂಶಗಳ ಫೀಲ್ಡಿನ ಮಗ್ಗಿ. ಹನ್ನೊಂದನೆಯ ಸಾಲನ್ನು ತಾನೇ ಹೊಡೆದುಹಾಕಿ ಕೆಳಗೆ ಸರಿಯಾಗಿ ಬರೆದಿದ್ದ. ಶಿಫಾರಸು ಪತ್ರವನ್ನು ಅಂದೇ ಬರೆದುಕೊಟ್ಟೆ.