ಪ್ರಿಂಟರ್ ರಿಪೇರಿಗೆ ಇಡೀ ಕಂಪನಿಯ ಬೀಗದ ಕೈ ಯಾಕೆ?

ಮೂರನೇ ಮಹಡಿಯಲ್ಲಿ ಪ್ರಿಂಟರ್ ಕೆಟ್ಟಿದೆ ಅಂತ ಫೋನ್ ಬರುತ್ತದೆ. ಐಟಿ ವಿಭಾಗದ ಹುಡುಗ ಹೋಗುತ್ತಾನೆ. ಅಕೌಂಟ್ಸ್‌ನವರ ಕಂಪ್ಯೂಟರಿನಲ್ಲಿ ತನ್ನ ಅಡ್ಮಿನ್ (ಅಂದರೆ ಕಂಪ್ಯೂಟರ್ ನಿರ್ವಾಹಕನ) ಪಾಸ್‌ವರ್ಡ್ ಹಾಕಿ, ಪ್ರಿಂಟರಿನ ಡ್ರೈವರ್ ಸಾಫ್ಟ್‌ವೇರ್ ಸರಿಮಾಡಿ, ಒಂದು ಹಾಳೆ ಪ್ರಿಂಟ್ ತೆಗೆದು ನೋಡಿ ವಾಪಸ್ ಬರುತ್ತಾನೆ. ಐಟಿಯಲ್ಲಿದ್ದಾಗ ನಾನೂ ಇದನ್ನೇ ಮಾಡುತ್ತಿದ್ದೆ. ನನ್ನ ಆ ಒಂದು ಪಾಸ್‌ವರ್ಡಿಗೆ ಕಂಪನಿಯ ಎಲ್ಲ ಸರ್ವರ್‌ಗಳೂ ತೆರೆದುಕೊಳ್ಳುತ್ತಿದ್ದವು.

ತೊಂದರೆ ಇರುವುದು ಇಲ್ಲೇ. ಪದೇ ಪದೇ ಪಾಸ್‌ವರ್ಡ್ ಕೇಳಬಾರದು ಅಂತ ವಿಂಡೋಸ್, ಲಾಗಿನ್ ಆದವರ ಗುರುತನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಪಾಸ್‌ವರ್ಡ್ ಅಲ್ಲದಿದ್ದರೆ ಅದರಿಂದ ಲೆಕ್ಕಹಾಕಿ ಮಾಡಿದ ಹ್ಯಾಶ್ ಎಂಬ ಸಂಕೇತ ಅಲ್ಲಿರುತ್ತದೆ. ನಾವು ಲಾಗಿನ್ ಆಗಿರುವಷ್ಟು ಹೊತ್ತು, ಕೆಲವು ಸಲ ಆಮೇಲೂ. ಆ ಕಂಪ್ಯೂಟರಿಗೆ ಮೊದಲೇ ವೈರಸ್ ಹೊಕ್ಕಿದ್ದರೆ ಅದು ಆ ಗುರುತನ್ನು ಎತ್ತಿಕೊಂಡು, ಅಡ್ಮಿನ್ ಹೆಸರಿನಲ್ಲೇ ಮುಂದಿನ ಕಂಪ್ಯೂಟರಿಗೆ ಹೋಗುತ್ತದೆ. ಬೀಗ ಒಡೆಯುವ ಕಷ್ಟವೇ ಇಲ್ಲ. ಕೈಯಲ್ಲಿ ಅಸಲಿ ಬೀಗದ ಕೈ ಇದೆ ಅಲ್ವಾ?

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವೈರಸ್ ಹರಡಿದ್ದು ಹೀಗೇ. ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ಎಂ.ಇ.ಡಾಕ್ ಎಂಬ ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ ಅದು ಒಳಗೆ ಬಂತು. ಹರಡಲು ಅದಕ್ಕೆ ಎರಡು ದಾರಿ ಇತ್ತು. ಒಂದು ವಿಂಡೋಸ್‌ನ ಹಳೆಯ ದೋಷ. ಇದಕ್ಕೆ ಆ ವರ್ಷದ ಮಾರ್ಚ್‌ನಲ್ಲೇ ಮೈಕ್ರೋಸಾಫ್ಟ್ ಪ್ಯಾಚ್, ಅಂದರೆ ದೋಷ ಮುಚ್ಚುವ ತೇಪೆ, ಕೊಟ್ಟಿತ್ತು. ಎರಡನೆಯದು ಮೆಮೊರಿಯಿಂದ ಕದ್ದ ಗುರುತು. ಪ್ಯಾಚ್ ಹಾಕಿದ ಕಂಪ್ಯೂಟರುಗಳೂ ಈ ಎರಡನೇ ದಾರಿಯಲ್ಲಿ ಬಿದ್ದವು. ಅಡ್ಮಿನ್‌ಗಳು ದಿನಾ ಬಳಸುವ ಸಲಕರಣೆಗಳನ್ನೇ ಅದೂ ಬಳಸಿತು.

ಹಡಗು ಕಂಪನಿ ಮೇರ್ಸ್ಕ್‌ಗೆ ದೊಡ್ಡ ಪೆಟ್ಟು ಬಿತ್ತು. 4,000 ಸರ್ವರ್, 45,000 ಕಂಪ್ಯೂಟರುಗಳನ್ನು 10 ದಿನಗಳಲ್ಲಿ ಮೊದಲಿನಿಂದ ಕಟ್ಟಬೇಕಾಯಿತು ಅಂತ ಕಂಪನಿಯ ಅಧ್ಯಕ್ಷರೇ ದಾವೋಸ್‌ನ ವಿಶ್ವ ಆರ್ಥಿಕ ಸಮಾವೇಶದಲ್ಲಿ ಹೇಳಿದರು. ನೆಟ್‌ವರ್ಕಿನಲ್ಲಿ ಯಾರು ಎಲ್ಲಿಗೆ ಹೋಗಬಹುದು ಅಂತ ತೀರ್ಮಾನಿಸುವ ಸರ್ವರ್‌ಗಳು, ಅಂದರೆ ಡೊಮೇನ್ ಕಂಟ್ರೋಲರುಗಳು, ಜಗತ್ತಿನಾದ್ಯಂತ ಅಳಿಸಿಹೋಗಿದ್ದವು. ಉಳಿದದ್ದು ಘಾನಾದ ಒಂದೇ ಒಂದು. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಅದು ನೆಟ್‌ವರ್ಕಿನಿಂದ ಕಳಚಿಕೊಂಡಿತ್ತು. ಅದರ ಮಾಹಿತಿಯನ್ನು ಬ್ರಿಟನ್‌ನಲ್ಲಿ ಎಲ್ಲವನ್ನೂ ಮತ್ತೆ ಕಟ್ಟುತ್ತಿದ್ದ ತಂಡಕ್ಕೆ ಇಂಟರ್‌ನೆಟ್‌ನಲ್ಲಿ ಕಳಿಸೋಣ ಅಂದರೆ ವೇಗ ಸಾಲದು. ವಿಮಾನದಲ್ಲಿ ತರೋಣ ಅಂದರೆ ಅಲ್ಲಿನವರ ಹತ್ತಿರ ಬ್ರಿಟನ್ ವೀಸಾ ಇಲ್ಲ. ಕೊನೆಗೆ ಒಬ್ಬರು ಹಾರ್ಡ್ ಡಿಸ್ಕನ್ನು ನೈಜೀರಿಯಾದ ವಿಮಾನ ನಿಲ್ದಾಣಕ್ಕೆ ತಂದರು. ಅಲ್ಲಿಂದ ಇನ್ನೊಬ್ಬರು ಲಂಡನ್‌ಗೆ ಒಯ್ದರು. ಅಷ್ಟು ದೊಡ್ಡ ಕಂಪನಿ ಒಂದು ಕರೆಂಟ್ ಕಟ್‌ನಿಂದ ಉಳಿದುಕೊಂಡಿತು ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಇಂಥ ಅಪಾಯ ತಗ್ಗಿಸಲು ಅಧಿಕಾರ ಕಡಿಮೆ ಮಾಡುತ್ತೇವೆ ಅಂದ ತಕ್ಷಣ ಅಡ್ಮಿನ್‌ಗಳಿಗೆ ನೋವಾಗುತ್ತದೆ. 'ನನ್ನ ಮೇಲೆ ನಂಬಿಕೆ ಇಲ್ವಾ?' ಅಂತ ಕೇಳುತ್ತಾರೆ. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಇದು ನಂಬಿಕೆಯ ಮಾತೇ ಅಲ್ಲ. ಮನುಷ್ಯ ಎಷ್ಟೇ ಪ್ರಾಮಾಣಿಕನಾಗಿರಲಿ, ಅವನ ಗುರುತು ಕದ್ದವರಿಗೆ ಅದರ ಹಂಗಿಲ್ಲ. ಸುಸ್ತಾಗಿ ಒತ್ತಿದ ತಪ್ಪು ಕಮಾಂಡಿಗೂ ಇಲ್ಲ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ ಎಂಬ ತತ್ವವನ್ನು 1975ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಬರೆದಿಟ್ಟಾಗ ಕೊಟ್ಟ ಮೊದಲ ಕಾರಣವೂ ಇದೇ: ಅಚಾತುರ್ಯ, ತಪ್ಪುಗಳಿಂದಾಗುವ ಹಾನಿ ಕಡಿಮೆಯಾಗುತ್ತದೆ. ಮೋಸಗಾರ ಅಡ್ಮಿನ್ ಅವರ ಮೊದಲ ಚಿಂತೆಯಾಗಿರಲಿಲ್ಲ.

ಹಾಗಾದರೆ ಪ್ರಿಂಟರ್ ಹುಡುಗ ಏನು ಮಾಡಬೇಕು? ಅವನಿಗೆ ಬೇರೆ ಬೇರೆ ಖಾತೆಗಳಿರಬೇಕು. ಮೇಲ್ ನೋಡಲು ಎಲ್ಲರಂತೆ ಒಂದು ಸಾಮಾನ್ಯ ಖಾತೆ. ಸಿಬ್ಬಂದಿಯ ಕಂಪ್ಯೂಟರ್ ಸರಿಮಾಡಲು ಮತ್ತೊಂದು. ಇದು ಸರ್ವರ್‌ಗಳ ಹತ್ತಿರವೂ ಸುಳಿಯಬಾರದು. ಡೊಮೇನ್ ಕಂಟ್ರೋಲರ್ ಮುಟ್ಟುವ ಖಾತೆ ಕೆಲವೇ ಜನರಿಗೆ, ಅದೂ ಅದಕ್ಕೆಂದೇ ಇಟ್ಟ ಕಂಪ್ಯೂಟರಿನಿಂದ ಮಾತ್ರ. ಆಗ ಅಕೌಂಟ್ಸ್‌ನ ಕಂಪ್ಯೂಟರಿನಲ್ಲಿ ಕಳ್ಳನಿಗೆ ಸಿಗುವುದು ಸಣ್ಣ ಬೀಗದ ಕೈ ಅಷ್ಟೇ. ಎಲ್ಲ ಕಂಪ್ಯೂಟರುಗಳ ಒಳಗಿನ ಅಡ್ಮಿನ್ ಪಾಸ್‌ವರ್ಡ್ ಒಂದೇ ಆಗಿರುವುದು ಇನ್ನೊಂದು ಹಳೇ ರೋಗ. ಒಂದು ಸಿಕ್ಕರೆ ಎಲ್ಲವೂ ಸಿಕ್ಕಿದಂತೆ. 2015ರಲ್ಲಿ ಮೈಕ್ರೋಸಾಫ್ಟ್ ಪುಕ್ಕಟೆಯಾಗಿ ಬಿಟ್ಟ ಲ್ಯಾಪ್ಸ್ ಎಂಬ ಸಲಕರಣೆ ಪ್ರತಿ ಕಂಪ್ಯೂಟರಿಗೂ ಬೇರೆ ಪಾಸ್‌ವರ್ಡ್ ಇಟ್ಟು, ತಾನೇ ಬದಲಿಸುತ್ತಾ ಹೋಗುತ್ತದೆ. ದೊಡ್ಡ ಅಧಿಕಾರವನ್ನು ಕೇಳಿದಾಗ ಎರಡು ಗಂಟೆಗೆ ಮಾತ್ರ ಕೊಟ್ಟು, ಹೊತ್ತು ಮುಗಿದ ಕೂಡಲೇ ತಾನಾಗಿ ವಾಪಸ್ ಪಡೆಯುವ ವ್ಯವಸ್ಥೆಗಳೂ ಇವೆ.

ಇದರಿಂದ ಕೆಲಸ ನಿಧಾನ ಆಗುತ್ತದೆ, ನಿಜ. ಬ್ಯಾಂಕಿನ ಲಾಕರ್ ತೆಗೆಯಲು ನಮ್ಮ ಬೀಗದ ಕೈ ಜೊತೆಗೆ ಬ್ಯಾಂಕಿನವರದೂ ಬೇಕು, ಅದಕ್ಕೆ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದು, ಅನುಮತಿ ಕೊಡುವ ವ್ಯವಸ್ಥೆಯೇ ಕೆಟ್ಟು ಕೂತರೆ? ಅಂಥ ಹೊತ್ತಿಗೆಂದು ಒಂದು ತುರ್ತು ಖಾತೆ ಇಟ್ಟಿರುತ್ತಾರೆ. ಅದರ ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು, ಸೀಲ್ ಮಾಡಿ, ತಿಜೋರಿಯಲ್ಲಿ ಇಡಬಹುದು. ತೆಗೆದವರು ಹೆಸರು, ಹೊತ್ತು, ಕಾರಣವನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತಾರೆ. ಬೆಳಗ್ಗೆ ಪಾಸ್‌ವರ್ಡ್ ಬದಲಾಗುತ್ತದೆ, ಹೊಸ ಲಕೋಟೆ ತಿಜೋರಿ ಸೇರುತ್ತದೆ.