ಗಂಡಾದರೆ ಒಬ್ಬನಿಗೆ, ಹೆಣ್ಣಾದರೆ ಎಲ್ಲರಿಗೂ

ಪಾಲಿನ ದಾವೆ ಹಾಕಬೇಕು ಅಂತ ಬಂದವರ ಹತ್ತಿರ ನಾನು ಮೊದಲು ಕೇಳುವುದು ವಂಶವೃಕ್ಷ. ಪಹಣಿ, ಕ್ರಯಪತ್ರ ಎಲ್ಲ ಆಮೇಲೆ. ಯಾರು ಯಾರ ಮಗ, ಯಾರು ಮೊದಲು ತೀರಿಕೊಂಡರು, ಅವರಿಗೆ ಮಕ್ಕಳಿದ್ದರಾ ಇಲ್ಲವಾ, ಇಷ್ಟು ಗೊತ್ತಾದರೆ ಅರ್ಧ ಕೇಸು ಗೊತ್ತಾದ ಹಾಗೆ. ನನಗೆ ತುಂಬಾ ಹಿಡಿಸಿದ ವಂಶವೃಕ್ಷ ಮಾತ್ರ ನಮ್ಮ ಕೋರ್ಟಿನದ್ದಲ್ಲ. ಅದು 13ನೇ ಶತಮಾನದ ಇಂಗ್ಲೆಂಡಿನ ವಿಲಿಯಂ ಮಾರ್ಷಲ್ ಎಂಬ ಸರದಾರನ ಮನೆಯದ್ದು.

ಆಗಿನ ಇಂಗ್ಲೆಂಡಿನ ಸರದಾರರ ಜಮೀನಿಗೆ ನಿಯಮ ಸರಳ. ಗಂಡು ಮಕ್ಕಳಿದ್ದರೆ ಹಿರಿಯನಿಗೇ ಎಲ್ಲ. ತಮ್ಮಂದಿರಿಗೆ ಅಪ್ಪ ಏನಾದರೂ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಗಂಡು ಮಕ್ಕಳೇ ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆಲ್ಲ ಸಮಪಾಲು. ಅಲ್ಲಿ ಹಿರಿಯಳು, ಕಿರಿಯಳು ಅಂತ ಭೇದವಿಲ್ಲ. ಮಾರ್ಷಲ್ ಮನೆ ಎದ್ದಿದ್ದೂ ಈ ನಿಯಮದಿಂದ, ಚೂರುಚೂರಾಗಿದ್ದೂ ಇದರಿಂದಲೇ.

ವಿಲಿಯಂ ಹುಟ್ಟಿದ್ದು 1146ರ ಆಸುಪಾಸಿನಲ್ಲಿ, ಅಪ್ಪನಿಗೆ ನಾಲ್ಕನೇ ಮಗನಾಗಿ. ಅಂದರೆ ಆಸ್ತಿಯ ಲೆಕ್ಕದಲ್ಲಿ ಸೊನ್ನೆ. 1152ರಲ್ಲಿ ಸ್ಟೀಫನ್ ದೊರೆ ಈ ಹುಡುಗನನ್ನು ಒತ್ತೆ ಇಟ್ಟುಕೊಂಡಿದ್ದ. ಅಪ್ಪ ಮಾತು ತಪ್ಪಿದ. ಹುಡುಗನನ್ನು ನೇಣಿಗೆ ಹಾಕ್ತೀವಿ ಅಂದಾಗ, ಇವನಿಗಿಂತ ಒಳ್ಳೆಯ ಮಕ್ಕಳನ್ನು ತಟ್ಟಿ ಮಾಡೋಕೆ ನನ್ನ ಹತ್ತಿರ ಸುತ್ತಿಗೆಯೂ ಇದೆ, ಅಡಗಲ್ಲೂ ಇದೆ ಅಂದನಂತೆ ಆ ಮಹಾರಾಯ. ಪುಣ್ಯಕ್ಕೆ ದೊರೆಗೆ ಮನಸ್ಸು ಬರಲಿಲ್ಲ. ಈ ಕಥೆ ಬರುವುದು ವಿಲಿಯಂ ಸತ್ತ ಮೇಲೆ ಅವನ ಮನೆಯವರೇ ಬರೆಸಿದ 19,000 ಸಾಲಿಗೂ ಮೀರಿದ ಫ್ರೆಂಚ್ ಕಾವ್ಯದಲ್ಲಿ. ಒಂದೇ ಪಕ್ಷದ ಸಾಕ್ಷಿ ಅನ್ನೋದು ನೆನಪಿರಲಿ. ಆದರೂ ಅಜ್ಜನ ಬಗ್ಗೆ ಇಂಥ ಮಾತನ್ನು ಸುಮ್ನೆ ಕಟ್ಟಿ ಬರೆಸುವವರು ಕಡಿಮೆ.

ಮುಂದೆ ಅವನು ಬದುಕಿದ್ದು ಟೂರ್ನಮೆಂಟಿನಿಂದ, ಅಂದರೆ ಸರದಾರರು ಕುದುರೆ ಏರಿ ಆಡುತ್ತಿದ್ದ ಕಾಳಗದ ಪಂದ್ಯದಿಂದ. ಎದುರಾಳಿಯನ್ನು ಸೆರೆ ಹಿಡಿದರೆ ಕುದುರೆ, ಕವಚ, ಬಿಡುಗಡೆ ಹಣ ಎಲ್ಲ ಗೆದ್ದವನಿಗೆ. ಕೊನೆಗಾಲದಲ್ಲಿ, 500 ಜನರನ್ನು ಹಿಡಿದಿದ್ದೆ ಅಂತ ತಾನೇ ಹೇಳಿಕೊಂಡಿದ್ದ. ಕೈತುಂಬ ಹೆಸರು ಬಂತು. ಜಮೀನು ಮಾತ್ರ ಬರಲಿಲ್ಲ.

ಜಮೀನು ಬಂದಿದ್ದು 1189ರಲ್ಲಿ, ಹೆಂಡತಿಯ ಕಡೆಯಿಂದ. ಇಸಬೆಲ್ ಡಿ ಕ್ಲೇರ್‌ಗೆ ಆಗ ಸುಮಾರು 17 ವರ್ಷ, ಇವನಿಗೆ 40 ದಾಟಿತ್ತು. ಅವಳ ಅಪ್ಪ ಸ್ಟ್ರಾಂಗ್‌ಬೋ ತೀರಿಕೊಂಡಿದ್ದ, ತಮ್ಮನೂ ಚಿಕ್ಕವನಿದ್ದಾಗಲೇ ಹೋಗಿದ್ದ. ಅಮ್ಮ ಐರ್ಲೆಂಡಿನ ಲೆನ್‌ಸ್ಟರ್ ದೊರೆಯ ಮಗಳು. ವೇಲ್ಸ್ ಗಡಿಯ ಚೆಪ್‌ಸ್ಟೋ ಕೋಟೆ, ಇಡೀ ಲೆನ್‌ಸ್ಟರ್ ಈ ಹುಡುಗಿಯ ಹೆಸರಿಗಿತ್ತು. ಇಂಥ ವಾರಸುದಾರಳ ಮದುವೆ ದೊರೆಯ ಕೈಯಲ್ಲಿ. ರಿಚರ್ಡ್ ದೊರೆ ಅವಳನ್ನು ವಿಲಿಯಂಗೆ ಕೊಟ್ಟ. ಅವಳನ್ನು ಯಾರೂ ಕೇಳಿರಲಿಕ್ಕಿಲ್ಲ.

ವಕೀಲನಾಗಿ ನಾನು ಗೆರೆ ಎಳೆಯುವುದು ಇಲ್ಲೇ. ಎಲ್ಲರೂ ಮಾರ್ಷಲ್ ಆಸ್ತಿ ಅನ್ನುವುದರಲ್ಲಿ ಬಹುಪಾಲು ಇಸಬೆಲ್‌ಳ ಆಸ್ತಿ. ಗಂಡನಿಗೆ ಇದ್ದದ್ದು ನೋಡಿಕೊಳ್ಳುವ ಹಕ್ಕು. ಮಗು ಹುಟ್ಟಿದರೆ ಅವನ ಜೀವಮಾನದವರೆಗೆ ಆ ಹಕ್ಕು. ವಿಲಿಯಂ ಇದನ್ನು ಚೆನ್ನಾಗಿ ಬಲ್ಲವನು. 1207ರಲ್ಲಿ ಜಾನ್ ದೊರೆ ಕರೆಸಿಕೊಂಡಾಗ, ಬಸುರಿ ಇಸಬೆಲ್‌ಳನ್ನು ಕೈಹಿಡಿದು ಕರೆತಂದು ಲೆನ್‌ಸ್ಟರ್‌ನ ಸರದಾರರ ಮುಂದೆ ನಿಲ್ಲಿಸಿದ. ಹುಟ್ಟಿನಿಂದ ನಿಮ್ಮ ಒಡತಿ ಇವಳೇ, ನನಗಿಲ್ಲಿ ಇರುವುದೆಲ್ಲ ಇವಳಿಂದ ಎಂಬರ್ಥದ ಮಾತಾಡಿದ ಅಂತ ಆ ಕಾವ್ಯವೇ ಹೇಳುತ್ತದೆ. ಇದಕ್ಕಿಂತ ಗಟ್ಟಿ ತಪ್ಪೊಪ್ಪಿಗೆ, ಅಲ್ಲಲ್ಲ, ಒಪ್ಪಿಗೆ ಬೇಕಾ?

ಮ್ಯಾಗ್ನಾ ಕಾರ್ಟಾ, ಬಾಲಕ ದೊರೆ 3ನೇ ಹೆನ್ರಿಗೆ ರಾಜಪ್ರತಿನಿಧಿ ಆಗಿದ್ದು, 70ರ ವಯಸ್ಸಿನಲ್ಲಿ ಲಿಂಕನ್ ಯುದ್ಧ ಗೆದ್ದಿದ್ದು ಎಲ್ಲ ಇತಿಹಾಸದ ಪುಸ್ತಕದಲ್ಲಿದೆ. ನಾನು ನೇರ 1219ಕ್ಕೆ, ಕ್ಯಾವರ್ಶಮ್‌ನ ಮನೆಗೆ ಹೋಗುತ್ತೇನೆ. ಐದು ಗಂಡು, ಐದು ಹೆಣ್ಣು. ಮುದುಕ ಹಾಸಿಗೆ ಹಿಡಿದಿದ್ದ. ಎರಡನೆಯವನು ರಿಚರ್ಡ್‌ಗೆ ನಾರ್ಮಂಡಿಯ ಜಮೀನು ಅಂತ ಆಯಿತು. ಕೊನೆಯವನು ಆನ್ಸೆಲ್ಮ್‌ಗೆ ಮೊದಲು ಏನೂ ಇಲ್ಲ. ನನ್ನ ಹಾಗೆ ಅವನೂ ದುಡಿದು ಸಂಪಾದಿಸಲಿ ಅನ್ನೋದು ಅಪ್ಪನ ಲೆಕ್ಕ. ಆಪ್ತನೊಬ್ಬ ಬೇಡಿಕೊಂಡ ಮೇಲೆ ಅವನಿಗೂ ಒಂದಿಷ್ಟು ಬಂತು. ಮದುವೆಯಾಗದ ಮಗಳು ಜೋನ್‌ಗೆ ವರ್ಷಕ್ಕೆ 30 ಪೌಂಡ್ ಬರುವ ಜಮೀನು, 200 ಮಾರ್ಕ್ (ಆಗಿನ ಹಣದ ಒಂದು ಲೆಕ್ಕ) ನಗದು. ಒಂದು ದಿನ ಅವನಿಗೆ ಹಾಡಬೇಕು ಅನ್ನಿಸಿ ಹೆಣ್ಣುಮಕ್ಕಳನ್ನು ಕರೆಸಿದನಂತೆ. ಜೋನ್ ನಾಚಿಕೊಂಡು ಹಾಡಿದಳು. ಹಾಗಲ್ಲಮ್ಮ, ಹೀಗೆ ಹಾಡಬೇಕು ಅಂತ ಆ ಸ್ಥಿತಿಯಲ್ಲೂ ತಿದ್ದಿದ. ಆ ವರ್ಷ ಮೇ 14ಕ್ಕೆ ತೀರಿಕೊಂಡ. ಮರುವರ್ಷ ಇಸಬೆಲ್ ಹೋದಳು.

ಐದು ಗಂಡು ಮಕ್ಕಳಿದ್ದ ಮನೆಗೆ ವಾರಸುದಾರರ ಚಿಂತೆ ಯಾಕೆ ಬರಬೇಕು ಹೇಳಿ? ಹಿರಿಯ ಮಗ ವಿಲಿಯಂ 1231ರಲ್ಲಿ ಸತ್ತ. ದೊರೆಯ ವಿರುದ್ಧ ದಂಗೆ ಎದ್ದ ರಿಚರ್ಡ್ 1234ರಲ್ಲಿ ಐರ್ಲೆಂಡಿನಲ್ಲಿ ಗಾಯವಾಗಿ ಸತ್ತ. ಗಿಲ್ಬರ್ಟ್ ಪಾದ್ರಿಯಾಗಬೇಕಿದ್ದವನು. 1241ರ ಟೂರ್ನಮೆಂಟಿನಲ್ಲಿ ಲಗಾಮು ಕಿತ್ತು, ಕಾಲು ರಿಕಾಪಿಗೆ ಸಿಕ್ಕಿ, ಕುದುರೆ ಎಳೆದುಕೊಂಡು ಹೋಗಿ ಸತ್ತ. ವಾಲ್ಟರ್ 1245ರ ನವೆಂಬರಿನಲ್ಲಿ. ಆನ್ಸೆಲ್ಮ್ ಡಿಸೆಂಬರಿನಲ್ಲಿ. ಔರಸ ಸಂತಾನ ಯಾರಿಗೂ ಇಲ್ಲ. ಅಪ್ಪನ ಜೊತೆ ಜಗಳವಾಡಿದ್ದ ಐರ್ಲೆಂಡಿನ ಫರ್ನ್ಸ್‌ನ ಬಿಷಪ್ಪರ ಶಾಪ ಅಂದರು ಜನ. ಶಾಪದ ಮಾತು ಬಿಡಿ, ಆ ಜಗಳದ ಮೂಲವೂ ಅಪ್ಪ ವಿಲಿಯಂ ಬಿಷಪ್ಪರಿಂದ ಕಿತ್ತುಕೊಂಡ ಎರಡು ಜಮೀನುಗಳೇ.

ಈಗ ನಿಯಮದ ಎರಡನೇ ಅರ್ಧ ಜಾರಿಗೆ ಬಂತು. 1247ರಲ್ಲಿ ಐದು ಪಾಲಾಯಿತು. ಆ ಹೊತ್ತಿಗೆ ಹೆಣ್ಣುಮಕ್ಕಳಲ್ಲಿ ಬದುಕಿದ್ದವಳು ಹಿರಿಯಳು ಮಾಡ್ ಒಬ್ಬಳೇ. ಉಳಿದವರ ಪಾಲು ಅವರವರ ಮಕ್ಕಳಿಗೆ. ಮನೆತನಕ್ಕೆ ಹೆಸರು ಕೊಟ್ಟ, ದೊರೆಯ ಆಸ್ಥಾನದ ಮಾರ್ಷಲ್ ಎಂಬ ಹುದ್ದೆಯನ್ನು ಒಡೆಯೋಕಾಗಲ್ಲ, ಅದು ಮಾಡ್‌ಗೆ ಹೋಯಿತು. ಲೆನ್‌ಸ್ಟರ್ ಐದಾಯಿತು: ಮಾಡ್‌ಗೆ ಕಾರ್ಲೋ, ಇಸಬೆಲ್ ಎಂಬ ಮಗಳ ಕಡೆಗೆ ಕಿಲ್ಕೆನಿ, ಸಿಬಿಲ್ ಕಡೆಗೆ ಕಿಲ್ಡೇರ್, ಈವಾ ಕಡೆಗೆ ಡನಮೇಸ್, ಜೋನ್ ಕಡೆಗೆ ವೆಕ್ಸ್‌ಫರ್ಡ್. ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು. ಐದರಲ್ಲೊಂದರಲ್ಲಿ ಏಳರಲ್ಲೊಂದು, ಅಂದರೆ ಒಬ್ಬೊಬ್ಬರಿಗೆ 35ರಲ್ಲಿ ಒಂದು ಹಿಸ್ಸೆ! ಹಾಡು ತಿದ್ದಿಸಿಕೊಂಡ ಜೋನ್‌ಳ ಮಗಳು ದೊರೆಯ ಮಲತಮ್ಮ ವಿಲಿಯಂ ಡಿ ವೇಲೆನ್ಸ್‌ನನ್ನು ಮದುವೆಯಾಗಿದ್ದಳು. ವೇಲ್ಸ್‌ನಲ್ಲಿದ್ದ ಮಾರ್ಷಲ್ ಮನೆಯ ಪೆಂಬ್ರೋಕ್ ಅವರ ಕೈ ಸೇರಿತು.

ಇಷ್ಟಕ್ಕೇ ಮುಗಿಯಲಿಲ್ಲ. ವಿಧವೆಯರ ಹಕ್ಕು ಬಾಕಿ ಇತ್ತು. ಸತ್ತ ಗಂಡನ ಜಮೀನಿನಲ್ಲಿ ಮೂರರಲ್ಲೊಂದು ಭಾಗ ವಿಧವೆ ಬದುಕಿರುವವರೆಗೆ ಅವಳದ್ದು. ಹಿರಿಯ ಮಗನ ಹೆಂಡತಿ ಎಲಿನಾರ್ ಸ್ವತಃ ದೊರೆಯ ತಂಗಿ. ಗಂಡ ಸತ್ತಾಗ ಅವಳಿಗೆ 16ರ ಆಸುಪಾಸು. ಮೈದುನ ರಿಚರ್ಡ್ ಅವಳ ಐರ್ಲೆಂಡ್, ವೇಲ್ಸ್ ಪಾಲಿಗೆ ಬದಲಾಗಿ ವರ್ಷಕ್ಕೆ 400 ಪೌಂಡ್ ಅಂತ ಒಪ್ಪಿಸಿದ. ಅವಳ ಅಣ್ಣ ಹೆನ್ರಿ ದೊರೆಯೂ ಅದಕ್ಕೆ ತಲೆಯಾಡಿಸಿದ. ಚಿಕ್ಕ ವಯಸ್ಸಿನ ವಿಧವೆಯಿಂದ ಅವಸರದಲ್ಲಿ ಬರೆಸಿಕೊಳ್ಳುವ ರಾಜಿಪತ್ರ ಹೇಗಿರುತ್ತದೆ ಅಂತ ನಮ್ಮ ಕಡೆಯ ವಕೀಲರಿಗೆ ಹೇಳಬೇಕಾಗಿಲ್ಲ. 1238ರಲ್ಲಿ ಅವಳು ಸೈಮನ್ ಡಿ ಮಾಂಟ್‌ಫರ್ಟ್ ಎಂಬ ಸರದಾರನನ್ನು ಮದುವೆಯಾದ ಮೇಲೆ, ಗಂಡಹೆಂಡತಿ ಇಬ್ಬರೂ ಸೇರಿ ಇದು ಅನ್ಯಾಯ ಅಂತ ಹಠ ಹಿಡಿದರು. 1259ರಲ್ಲಿ ದೊರೆ ಫ್ರಾನ್ಸ್ ಜೊತೆ ಸಂಧಿ ಮಾಡಿಕೊಳ್ಳಬೇಕಿತ್ತು. ನಾರ್ಮಂಡಿಯ ಮೇಲಿನ ಹಕ್ಕು ಬಿಟ್ಟಿದ್ದೇನೆ ಅಂತ ತಂಗಿಯ ಒಪ್ಪಿಗೆಯೂ ಬೇಕಾಯಿತು. ಮೊದಲು ನನ್ನ ಪಾಲು ಕೊಡು, ಆಮೇಲೆ ಒಪ್ಪಿಗೆ ಅಂದಳು ಎಲಿನಾರ್. ಮೊದಲ ಗಂಡ ಸತ್ತು ಆಗ 28 ವರ್ಷ. ಕೊನೆಗೆ ಫ್ರಾನ್ಸಿನ ದೊರೆ, ಇಂಗ್ಲೆಂಡಿಗೆ ಕೊಡಬೇಕಿದ್ದ ಹಣದಲ್ಲಿ 15,000 ಮಾರ್ಕ್ ತಡೆಹಿಡಿದು, ಇವಳ ವ್ಯಾಜ್ಯ ಇತ್ಯರ್ಥವಾಗುವವರೆಗೆ ತನ್ನಲ್ಲೇ ಇಟ್ಟುಕೊಂಡ.